ನೆಟ್ ಅಯಾನಿಕ್ ಸಮೀಕರಣ: ಯಾವುದನ್ನು ಒಡೆಯಬೇಕು, ಯಾವುದನ್ನು ಹಾಗೇ ಬಿಡಬೇಕು?

ಪ್ರಶ್ನೆ: ಮೇಡಂ, ನಾನು ದ್ವಿತೀಯ ಪಿಯುಸಿ ವಿಜ್ಞಾನದ ವಿದ್ಯಾರ್ಥಿ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ. ಸಮೀಕರಣ ಸರಿದೂಗಿಸಲು ಬರುತ್ತದೆ. ಆದರೆ ನೆಟ್ ಅಯಾನಿಕ್ ಸಮೀಕರಣ ಬರೆಯಿರಿ ಅಂದರೆ ಕೈ ನಿಂತುಬಿಡುತ್ತದೆ. ಕ್ಯಾಲ್ಸಿಯಂ ಕಾರ್ಬೊನೇಟ್ ಅಯಾನುಗಳಿಂದಲೇ ಆಗಿದೆ, ಆದರೂ ಒಡೆದು ಬರೆಯಬಾರದು ಅನ್ನುತ್ತಾರೆ. ಅಸಿಟಿಕ್ ಆಮ್ಲ ನೀರಿನಲ್ಲಿ ಪೂರ್ತಿ ಕರಗುತ್ತದೆ, ಅದನ್ನೂ ಒಡೆಯಬಾರದಂತೆ. ಇದನ್ನು ಹೇಗೆ ತಿಳಿಯುವುದು? ಕರಗುವ, ಕರಗದ ಲವಣಗಳ ಪಟ್ಟಿಯನ್ನು ಪೂರ್ತಿ ಬಾಯಿಪಾಠ ಮಾಡಲೇಬೇಕಾ? ಇನ್ನೊಂದು ಸಂಶಯ. ಲವಣ ವಿಶ್ಲೇಷಣೆಯಲ್ಲಿ ಸೀಸ ಒಂದನೇ ಗುಂಪಿನಲ್ಲೂ ಇದೆ, ಎರಡನೇ ಗುಂಪಿನಲ್ಲೂ ಇದೆ. ಯಾಕೆ?

ಉತ್ತರ: ನೀವು ಕೊಟ್ಟ ಎರಡು ಉದಾಹರಣೆಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಕ್ಯಾಲ್ಸಿಯಂ ಕಾರ್ಬೊನೇಟ್ ಅಯಾನುಗಳಿಂದ, ಅಂದರೆ ವಿದ್ಯುದಾವೇಶ ಇರುವ ಕಣಗಳಿಂದ, ಆಗಿದೆ. ಆದರೆ ನೀರಿನಲ್ಲಿ ಕರಗುವುದಿಲ್ಲ. ಅಸಿಟಿಕ್ ಆಮ್ಲ ನೀರಿನಲ್ಲಿ ಕರಗುತ್ತದೆ, ಆದರೆ ಕರಗಿದ ಮೇಲೂ ಬಹುಪಾಲು ಅಣುವಾಗಿಯೇ ಉಳಿಯುತ್ತದೆ. ಅಂದರೆ ಇಲ್ಲಿರುವುದು ಒಂದು ಪ್ರಶ್ನೆಯಲ್ಲ, ಎರಡು. ಕರಗುತ್ತದಾ? ಕರಗಿದ ಮೇಲೆ ಅಯಾನುಗಳಾಗಿ ಬಿಡಿಬಿಡಿ ಆಗುತ್ತದಾ? ಎರಡಕ್ಕೂ ಹೌದು ಎಂಬ ಉತ್ತರ ಬಂದರೆ ಮಾತ್ರ ಒಡೆದು ಬರೆಯಬೇಕು. ಒಂದಕ್ಕೆ ಇಲ್ಲ ಅಂತ ಬಂದರೂ ಹಾಗೇ ಬಿಡಬೇಕು. ಈ ಎರಡು ಪ್ರಶ್ನೆಗಳನ್ನು ಒಂದೇ ಅಂದುಕೊಂಡಾಗಲೇ ಗೊಂದಲ ಶುರುವಾಗುತ್ತದೆ.

ಸಕ್ಕರೆ ಇದಕ್ಕೆ ಒಳ್ಳೆಯ ಉದಾಹರಣೆ. ಒಂದು ಲೀಟರ್ ನೀರಿಗೆ ಒಂದೂವರೆ ಕಿಲೋಗಿಂತ ಜಾಸ್ತಿ ಸಕ್ಕರೆ ಕರಗುತ್ತದೆ. ಆದರೆ ಆ ಪಾನಕದಲ್ಲಿ ಸಕ್ಕರೆಯ ಒಂದು ಅಯಾನೂ ಇರುವುದಿಲ್ಲ. ಬಲ್ಬ್ ಜೋಡಿಸಿದರೆ ಉರಿಯುವುದಿಲ್ಲ. ಉಪ್ಪಿನ ನೀರಿನಲ್ಲಾದರೆ ಉರಿಯುತ್ತದೆ. ಕರಗುವುದು ಬೇರೆ, ಅಯಾನು ಆಗುವುದು ಬೇರೆ.

ಈಗ ಸಮೀಕರಣಕ್ಕೆ ಬರೋಣ. ಇಲ್ಲಿ ನಾನು ವಸ್ತುಗಳ ಹೆಸರನ್ನೇ ಬರೆದು, ಅದರ ತಲೆಯ ಮೇಲೆ ಆವೇಶ ಹಾಕುತ್ತೇನೆ. ನಿಮ್ಮ ನೋಟ್‌ಬುಕ್‌ನಲ್ಲಿ ಹೆಸರಿನ ಜಾಗಕ್ಕೆ ಸಂಕೇತ ಹಾಕಿಕೊಳ್ಳಿ. ಕೆಳಮುಖದ ಬಾಣ ಅಂದರೆ ಪ್ರಕ್ಷೇಪ (ಕರಗದೆ ಕೆಳಗೆ ಕೂರುವ ಘನ), ಮೇಲ್ಮುಖದ ಬಾಣ ಅಂದರೆ ಅನಿಲ.

ಹತ್ತನೇ ತರಗತಿಯಲ್ಲಿ ಸೋಡಿಯಂ ಸಲ್ಫೇಟ್ ದ್ರಾವಣಕ್ಕೆ ಬೇರಿಯಂ ಕ್ಲೋರೈಡ್ ದ್ರಾವಣ ಸೇರಿಸಿದ್ದು ನೆನಪಿದೆ ಅಲ್ವಾ? ಬೆಳ್ಳಗೆ ಪ್ರಕ್ಷೇಪ ಬರುತ್ತದೆ. ಆಗ ಬರೆದದ್ದು ಹೀಗೆ:

ಬೇರಿಯಂ ಕ್ಲೋರೈಡ್ + ಸೋಡಿಯಂ ಸಲ್ಫೇಟ್ → ಬೇರಿಯಂ ಸಲ್ಫೇಟ್ ↓ + 2 ಸೋಡಿಯಂ ಕ್ಲೋರೈಡ್

ಲೆಕ್ಕ ಸರಿ ಇದೆ. ಆದರೆ ಬೀಕರಿನ ಒಳಗೆ ಇಣುಕಿ ನೋಡಲು ಆಗಿದ್ದರೆ ‘ಬೇರಿಯಂ ಕ್ಲೋರೈಡ್’ ಎಂಬ ಜೋಡಿ ಅಲ್ಲಿ ಕಾಣುತ್ತಿರಲಿಲ್ಲ. ಬೇರಿಯಂ ಅಯಾನುಗಳು ನೀರಿನ ಅಣುಗಳನ್ನು ಸುತ್ತ ಕಟ್ಟಿಕೊಂಡು ತಮ್ಮ ಪಾಡಿಗೆ ತಿರುಗುತ್ತಿರುತ್ತವೆ. ಕ್ಲೋರೈಡ್ ಅಯಾನುಗಳೂ ಅಷ್ಟೇ. ಆದ್ದರಿಂದ ಇದ್ದದ್ದನ್ನು ಇದ್ದ ಹಾಗೆ ಬರೆದರೆ:

ಬೇರಿಯಂ²⁺ + 2 ಕ್ಲೋರೈಡ್⁻ + 2 ಸೋಡಿಯಂ⁺ + ಸಲ್ಫೇಟ್²⁻ → ಬೇರಿಯಂ ಸಲ್ಫೇಟ್ ↓ + 2 ಸೋಡಿಯಂ⁺ + 2 ಕ್ಲೋರೈಡ್⁻

ಸೋಡಿಯಂ ಮತ್ತು ಕ್ಲೋರೈಡ್ ಎಡಗಡೆ ಹೇಗಿದ್ದವೋ ಬಲಗಡೆಯೂ ಹಾಗೇ ಇವೆ. ಇವು ಪ್ರೇಕ್ಷಕ ಅಯಾನುಗಳು. ಇವನ್ನು ಬಿಟ್ಟರೆ ಉಳಿಯುವುದು:

ಬೇರಿಯಂ²⁺ + ಸಲ್ಫೇಟ್²⁻ → ಬೇರಿಯಂ ಸಲ್ಫೇಟ್ ↓

ಇದೇ ನೆಟ್ ಅಯಾನಿಕ್ ಸಮೀಕರಣ. ಇದನ್ನು ಗಣಿತದಲ್ಲಿ ಎರಡೂ ಕಡೆ ಹೊಡೆದು ಹಾಕುವ ಹಾಗೆ ಮಾಡುವ ಒಂದು ಕಸರತ್ತು ಅಂತ ದಯವಿಟ್ಟು ಅಂದುಕೊಳ್ಳಬೇಡಿ. ಇದು ಬೀಕರಿನಲ್ಲಿ ನಿಜವಾಗಿ ಏನಾಯಿತು ಎಂಬುದರ ವರದಿ. ಬೇರಿಯಂ ಕ್ಲೋರೈಡ್ ಬದಲು ಬೇರಿಯಂ ನೈಟ್ರೇಟ್ ಹಾಕಿ, ಸೋಡಿಯಂ ಸಲ್ಫೇಟ್ ಬದಲು ಪೊಟ್ಯಾಸಿಯಂ ಸಲ್ಫೇಟ್ ಹಾಕಿ. ಬಾಟಲಿಯ ಮೇಲಿನ ಹೆಸರುಗಳು ಬದಲಾದವು. ಬರುವ ಬಿಳಿ ಪುಡಿ ಮಾತ್ರ ಅದೇ. ನೆಟ್ ಸಮೀಕರಣವೂ ಅದೇ.

‘ಪ್ರೇಕ್ಷಕ ಅಯಾನು ನಿಜಕ್ಕೂ ಏನೂ ಮಾಡುವುದಿಲ್ಲವಾ, ಅಥವಾ ಸುಮ್ನೆ ಅನುಕೂಲಕ್ಕೆ ಬಿಟ್ಟದ್ದಾ?’ ಅಂತ ನೀವು ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ. ಇದಕ್ಕೆ ಪುರಾವೆ ಇದೆ, ಅದೂ ಅಳೆದು ನೋಡಬಹುದಾದ ಪುರಾವೆ. ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಸೋಡಿಯಂ ಹೈಡ್ರಾಕ್ಸೈಡ್ ಸೇರಿಸಿದರೆ ಶಾಖ ಬಿಡುಗಡೆ ಆಗುತ್ತದೆ. ಸಾರ ಕಡಿಮೆ ಇರುವ ದ್ರಾವಣಗಳಲ್ಲಿ ಒಂದು ಮೋಲ್ ನೀರು ಉಂಟಾದರೆ ಸುಮಾರು 57 ಕಿಲೋಜೌಲ್. ಈಗ ನೈಟ್ರಿಕ್ ಆಮ್ಲ ಮತ್ತು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ತೆಗೆದುಕೊಳ್ಳಿ. ಆಮ್ಲ ಬೇರೆ, ಕ್ಷಾರ ಬೇರೆ, ಕೊನೆಗೆ ಸಿಗುವ ಲವಣ ಬೇರೆ. ಶಾಖ ಮತ್ತೆ ಅದೇ 57ರ ಹತ್ತಿರ. ಪ್ರಬಲ ಅಂದರೆ ನೀರಿನಲ್ಲಿ ಪೂರ್ತಿ ಅಯಾನು ಆಗುವಂಥದ್ದು. ಪ್ರಕ್ಷೇಪ ಬರದಿದ್ದರೆ, ಯಾವ ಪ್ರಬಲ ಆಮ್ಲವನ್ನು ಯಾವ ಪ್ರಬಲ ಕ್ಷಾರದ ಜೊತೆ ಸೇರಿಸಿದರೂ ಇಷ್ಟೇ. ಯಾಕೆಂದರೆ ಇಂಥ ಎಲ್ಲ ಬೀಕರುಗಳಲ್ಲೂ ನಡೆಯುವುದು ಒಂದೇ ಕ್ರಿಯೆ:

ಹೈಡ್ರೋಜನ್⁺ + ಹೈಡ್ರಾಕ್ಸೈಡ್⁻ → ನೀರು

ಸ್ವೀಡನ್ನಿನ ಸ್ವಾಂಟೆ ಅರೇನಿಯಸ್ 1884ರಲ್ಲಿ ಉಪ್ಸಾಲ ವಿಶ್ವವಿದ್ಯಾಲಯಕ್ಕೆ ಪ್ರಬಂಧ ಕೊಟ್ಟು, ಮುಂದಿನ ಕೆಲವು ವರ್ಷಗಳಲ್ಲಿ ‘ಲವಣಗಳು ನೀರಿಗೆ ಬಿದ್ದ ಕೂಡಲೇ, ವಿದ್ಯುತ್ ಹರಿಸದೆಯೇ ಅಯಾನುಗಳಾಗುತ್ತವೆ’ ಎಂಬ ವಾದವನ್ನು ಗಟ್ಟಿ ಮಾಡಿದಾಗ, ತುಂಬಾ ಜನ ಒಪ್ಪಲಿಲ್ಲ. ಪ್ರಬಂಧಕ್ಕೆ ಸಿಕ್ಕಿದ ದರ್ಜೆಯೂ ಕಡಿಮೆ. ಅದೇ ಸಿದ್ಧಾಂತಕ್ಕೆ 1903ರಲ್ಲಿ ನೊಬೆಲ್ ಬಂತು. ಬೇರೆ ಬೇರೆ ಆಮ್ಲ, ಕ್ಷಾರಗಳಿಗೆ ಒಂದೇ ಶಾಖ ಯಾಕೆ ಎಂಬ ಒಗಟನ್ನು ಆ ಸಿದ್ಧಾಂತ ಸಲೀಸಾಗಿ ಬಿಡಿಸಿತು. ನೀವು ನೋಟ್‌ಬುಕ್‌ನಲ್ಲಿ ಎರಡೂ ಕಡೆಯ ಸೋಡಿಯಂ ಹೊಡೆದು ಹಾಕುವಾಗ ಆ ವಾದವನ್ನೇ ಬಳಸುತ್ತಿದ್ದೀರಿ.

ಈಗ ಹೈಡ್ರೋಕ್ಲೋರಿಕ್ ಆಮ್ಲದ ಜಾಗದಲ್ಲಿ ಹೈಡ್ರೋಸಯಾನಿಕ್ ಆಮ್ಲ ಇದೆ ಅಂದುಕೊಳ್ಳಿ. ಇದು ತುಂಬಾ ದುರ್ಬಲ ಆಮ್ಲ, ಘೋರ ವಿಷವೂ ಹೌದು. ಆದ್ದರಿಂದ ಪುಸ್ತಕದ ಅಂಕಿಯನ್ನೇ ನೋಡೋಣ. ಶಾಖ 57 ಅಲ್ಲ, ಸುಮಾರು 12 ಕಿಲೋಜೌಲ್ ಮಾತ್ರ. ಉಳಿದದ್ದು ಎಲ್ಲಿ ಹೋಯಿತು? ಆಮ್ಲದ ಅಣುವಿನಿಂದ ಹೈಡ್ರೋಜನ್ ಕೀಳುವುದಕ್ಕೆ ಖರ್ಚಾಯಿತು. ಆ ಆಮ್ಲ ಮೊದಲೇ ಒಡೆದಿರಲಿಲ್ಲ, ಅಣುವಾಗಿಯೇ ಇತ್ತು. ದುರ್ಬಲ ಆಮ್ಲವನ್ನು ಸಮೀಕರಣದಲ್ಲಿ ಒಡೆಯಬಾರದು ಅನ್ನುವುದಕ್ಕೆ ಇದಕ್ಕಿಂತ ನೇರ ಕಾರಣ ಬೇಕಾ? ಒಡೆದು ಬರೆದರೆ ಆ ಖರ್ಚನ್ನೇ ಮುಚ್ಚಿಟ್ಟ ಹಾಗಾಗುತ್ತದೆ.

ನಿಮ್ಮ ಅಸಿಟಿಕ್ ಆಮ್ಲದ ಕಥೆಯೂ ಇದೇ. ಲೀಟರಿಗೆ 0.1 ಮೋಲ್ ಇರುವ ದ್ರಾವಣದಲ್ಲಿ ಅದರ 100 ಅಣುಗಳಲ್ಲಿ ಒಂದೋ ಎರಡೋ ಮಾತ್ರ ಅಯಾನು ಆಗಿರುತ್ತವೆ. ಉಳಿದವೆಲ್ಲ ಅಣುಗಳೇ. ಬಹುಪಾಲು ಯಾವ ರೂಪದಲ್ಲಿದೆಯೋ ಆ ರೂಪದಲ್ಲಿ ಬರೆಯುವುದು ನಿಯಮ:

ಅಸಿಟಿಕ್ ಆಮ್ಲ + ಹೈಡ್ರಾಕ್ಸೈಡ್⁻ → ಅಸಿಟೇಟ್⁻ + ನೀರು

ಪ್ರಬಲ ಆಮ್ಲಗಳ ಸಾಲು ಚಿಕ್ಕದು. ಹೈಡ್ರೋಕ್ಲೋರಿಕ್, ಹೈಡ್ರೋಬ್ರೋಮಿಕ್, ಹೈಡ್ರೋಅಯೋಡಿಕ್, ನೈಟ್ರಿಕ್, ಪರ್ಕ್ಲೋರಿಕ್, ಮತ್ತೆ ಸಲ್ಫ್ಯೂರಿಕ್. ಪಿಯುಸಿ ಮಟ್ಟಕ್ಕೆ ಇಷ್ಟು ಸಾಕು. ಇದರಲ್ಲಿ ಇಲ್ಲದ ಆಮ್ಲ ಕಂಡರೆ ದುರ್ಬಲ ಅಂತಲೇ ಇಟ್ಟುಕೊಳ್ಳಿ. ಹೈಡ್ರೋಫ್ಲೋರಿಕ್ ಆಮ್ಲ ಗಾಜನ್ನೇ ತಿನ್ನುತ್ತದೆ. ಹಾಗಂತ ಅದು ಪ್ರಬಲ ಆಮ್ಲ ಅಲ್ಲ, ಅದನ್ನು ಒಡೆಯಬಾರದು. ಪ್ರಬಲ ಕ್ಷಾರಗಳೆಂದರೆ ಸೋಡಿಯಂ, ಪೊಟ್ಯಾಸಿಯಂ ಮುಂತಾದ, ಆವರ್ತ ಕೋಷ್ಟಕದ ಒಂದನೇ ಗುಂಪಿನ ಲೋಹಗಳ ಹೈಡ್ರಾಕ್ಸೈಡ್‌ಗಳು, ಜೊತೆಗೆ ಬೇರಿಯಂ, ಸ್ಟ್ರಾನ್ಷಿಯಂ ಹೈಡ್ರಾಕ್ಸೈಡ್. ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಕರಗುವುದು ಲೀಟರಿಗೆ ಎರಡು ಗ್ರಾಂಗಿಂತ ಕಡಿಮೆ. ಆದರೆ ಕರಗಿದಷ್ಟು ಅಯಾನಾಗಿಯೇ ಇರುತ್ತದೆ. ಆದ್ದರಿಂದ ತಿಳಿ ಸುಣ್ಣದ ನೀರು ಅಂದರೆ ಒಡೆದು ಬರೆಯಿರಿ. ಸುಣ್ಣದ ಗಂಜಿಯ ಹಾಗೆ ಮಂದವಾಗಿದ್ದರೆ ಘನ ಅಂತ ಒಡೆಯದೆ ಬರೆಯಿರಿ. ಅಮೋನಿಯಾ ದುರ್ಬಲ ಕ್ಷಾರ, ಅದು ಅಣುವಾಗಿಯೇ ಇರಲಿ.

ನೀವು ಕೇಳಿದ ಎರಡೂ ವಸ್ತುಗಳು ಒಂದೇ ಪಾತ್ರೆಯಲ್ಲಿ ಸೇರುವ ಕ್ರಿಯೆಯೊಂದು ನಮ್ಮ ಮನೆಗಳಲ್ಲೇ ನಡೆಯುತ್ತದೆ. ಕೋಲಾರ, ಚಿಕ್ಕಬಳ್ಳಾಪುರದ ಕಡೆ, ಬೆಂಗಳೂರಿನ ಎಷ್ಟೋ ಬಡಾವಣೆಗಳಲ್ಲಿ ಬೋರ್‌ವೆಲ್ ನೀರು ಗಡಸು. ಆ ನೀರು ಕಾಯಿಸಿದ ಪಾತ್ರೆಯ ಒಳಗೆ, ಗೀಸರಿನ ಕಾಯಿಲ್ ಮೇಲೆ ಬಿಳಿ ಪದರ ಕಟ್ಟುತ್ತದೆ. ಅದು ಬರುವುದು ಹೀಗೆ:

ಕ್ಯಾಲ್ಸಿಯಂ²⁺ + 2 ಬೈಕಾರ್ಬೊನೇಟ್⁻ → ಕ್ಯಾಲ್ಸಿಯಂ ಕಾರ್ಬೊನೇಟ್ ↓ + ಕಾರ್ಬನ್ ಡೈಆಕ್ಸೈಡ್ ↑ + ನೀರು

ನೀರಿನಲ್ಲಿ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಇದೆ ಅಂತ ನಾವು ಮಾತಿಗೆ ಹೇಳುತ್ತೇವೆ. ಆದರೆ ಆ ಹೆಸರಿನ ಬಿಳಿ ಪುಡಿಯನ್ನು ಯಾವ ಅಂಗಡಿಯಲ್ಲೂ ಕೊಳ್ಳಲು ಆಗುವುದಿಲ್ಲ. ಇರುವುದು ನೀರಿನಲ್ಲಿ ಬಿಡಿಯಾಗಿ ತೇಲುವ ಅಯಾನುಗಳು ಮಾತ್ರ. ಆವಿ ಮಾಡಿ ಪುಡಿ ತೆಗೆಯಲು ಹೋದರೆ ಸಿಗುವುದು ಕಾರ್ಬೊನೇಟ್. ಇಂಥ ಕಡೆ ಅಯಾನಿಕ್ ಸಮೀಕರಣವೇ ಹೆಚ್ಚು ಪ್ರಾಮಾಣಿಕ.

ಈ ಪದರ ತೆಗೆಯಲು ವಿನೆಗರ್ ಹಾಕಿ ಬಿಡುತ್ತಾರೆ. ವಿನೆಗರ್‌ನಲ್ಲಿ ಇರುವುದು ಅಸಿಟಿಕ್ ಆಮ್ಲ. ಈಗ ಎರಡು ಪ್ರಶ್ನೆ ಕೇಳುತ್ತಾ ಬರೆಯೋಣ. ಕ್ಯಾಲ್ಸಿಯಂ ಕಾರ್ಬೊನೇಟ್ ಕರಗುತ್ತದಾ? ಇಲ್ಲ, ಹಾಗೇ ಬಿಡಿ. ಅಸಿಟಿಕ್ ಆಮ್ಲ ಕರಗುತ್ತದಾ? ಹೌದು. ಅಯಾನು ಆಗುತ್ತದಾ? ಬಹುಪಾಲು ಇಲ್ಲ, ಹಾಗೇ ಬಿಡಿ. ಬಲಗಡೆ ಬರುವ ಕ್ಯಾಲ್ಸಿಯಂ ಅಸಿಟೇಟ್? ಕರಗುತ್ತದೆ, ಪೂರ್ತಿ ಅಯಾನು ಆಗುತ್ತದೆ. ಅದನ್ನು ಒಡೆಯಿರಿ. ನೀರು, ಕಾರ್ಬನ್ ಡೈಆಕ್ಸೈಡ್ ಎರಡೂ ಅಣುಗಳು.

ಕ್ಯಾಲ್ಸಿಯಂ ಕಾರ್ಬೊನೇಟ್ + 2 ಅಸಿಟಿಕ್ ಆಮ್ಲ → ಕ್ಯಾಲ್ಸಿಯಂ²⁺ + 2 ಅಸಿಟೇಟ್⁻ + ಕಾರ್ಬನ್ ಡೈಆಕ್ಸೈಡ್ ↑ + ನೀರು

ಇಲ್ಲಿ ಹೊಡೆದು ಹಾಕಲು ಏನೂ ಇಲ್ಲ. ಪ್ರೇಕ್ಷಕ ಅಯಾನು ಇಲ್ಲದಿದ್ದರೆ ಎಲ್ಲೋ ತಪ್ಪಾಗಿದೆ ಅಂತ ವಿದ್ಯಾರ್ಥಿಗಳು ಗಾಬರಿಯಾಗುತ್ತಾರೆ. ತಪ್ಪಲ್ಲ. ಇಲ್ಲಿ ಎಲ್ಲರೂ ಕೆಲಸ ಮಾಡಿದ್ದಾರೆ, ಅಷ್ಟೇ.

ಇನ್ನು ಬಾಯಿಪಾಠದ ವಿಷಯ. ಪೂರ್ತಿ ಪಟ್ಟಿ ಬೇಡ. ಆದರೆ ಸ್ವಲ್ಪ ನೆನಪಲ್ಲಿ ಇಟ್ಟುಕೊಳ್ಳಲೇಬೇಕು, ಅದಕ್ಕೆ ಅಡ್ಡದಾರಿ ಇಲ್ಲ. ಮೊದಲು ಯಾವಾಗಲೂ ಕರಗುವವರನ್ನು ಹಿಡಿದುಕೊಳ್ಳಿ: ಸೋಡಿಯಂ, ಪೊಟ್ಯಾಸಿಯಂ, ಅಮೋನಿಯಂ ಲವಣಗಳು, ಎಲ್ಲ ನೈಟ್ರೇಟ್‌ಗಳು, ಹೆಚ್ಚುಕಡಿಮೆ ಎಲ್ಲ ಅಸಿಟೇಟ್‌ಗಳು. ನಿಮ್ಮ ಪಠ್ಯದಲ್ಲಿ ಬರುವ ಅರ್ಧದಷ್ಟು ಲೆಕ್ಕಗಳು ಇಲ್ಲಿಗೇ ಬಗೆಹರಿಯುತ್ತವೆ. ಪ್ರಯೋಗಾಲಯದಲ್ಲಿ ಬೆಳ್ಳಿ, ಸೀಸದ ದ್ರಾವಣ ಬೇಕಾದಾಗ ಸಾಮಾನ್ಯವಾಗಿ ನೈಟ್ರೇಟ್ ಬಾಟಲಿಯೇ ಕೈಗೆ ಬರುವುದೂ ಇದಕ್ಕೇ. ಕ್ಲೋರೈಡ್, ಬ್ರೋಮೈಡ್, ಅಯೋಡೈಡ್‌ಗಳು ಸಾಮಾನ್ಯವಾಗಿ ಕರಗುತ್ತವೆ. ಬೆಳ್ಳಿ, ಸೀಸ, ಮರ್ಕ್ಯುರಸ್ (ಪಾದರಸದ ಒಂದು ಅಯಾನು) ಜೊತೆ ಮಾತ್ರ ಕರಗುವುದಿಲ್ಲ. ಸಲ್ಫೇಟ್‌ಗಳೂ ಸಾಮಾನ್ಯವಾಗಿ ಕರಗುತ್ತವೆ. ಬೇರಿಯಂ, ಸ್ಟ್ರಾನ್ಷಿಯಂ, ಸೀಸ ಬಿಟ್ಟು. ಕ್ಯಾಲ್ಸಿಯಂ ಸಲ್ಫೇಟ್ ನಡುವೆ ನಿಲ್ಲುತ್ತದೆ. ಕಾರ್ಬೊನೇಟ್, ಫಾಸ್ಫೇಟ್, ಸಲ್ಫೈಡ್, ಹೈಡ್ರಾಕ್ಸೈಡ್‌ಗಳದ್ದು ಉಲ್ಟಾ. ಸಾಮಾನ್ಯವಾಗಿ ಕರಗುವುದಿಲ್ಲ, ಮೊದಲು ಹೇಳಿದ ಸೋಡಿಯಂ ಬಳಗದ ಜೊತೆ ಮಾತ್ರ ಕರಗುತ್ತವೆ. ಬೇರಿಯಂ ಹೈಡ್ರಾಕ್ಸೈಡ್ ಒಂದು ಅಪವಾದ ಅಂತ ನೆನಪಿರಲಿ.

ಯಾಕೆ ಹೀಗೆ? ಘನದಲ್ಲಿ ಅಯಾನುಗಳು ಒಂದನ್ನೊಂದು ಬಿಗಿಯಾಗಿ ಹಿಡಿದಿರುತ್ತವೆ. ನೀರಿನ ಅಣುಗಳು ಬಂದು ಅವುಗಳನ್ನು ಎಳೆಯುತ್ತವೆ. ಯಾರ ಹಿಡಿತ ಗಟ್ಟಿಯೋ ಅವರು ಗೆಲ್ಲುತ್ತಾರೆ. ಆವೇಶ ಹೆಚ್ಚಾದರೆ ಎರಡೂ ಹಿಡಿತಗಳು ಗಟ್ಟಿಯಾಗುತ್ತವೆ, ಆದ್ದರಿಂದ ಆವೇಶ ಒಂದನ್ನೇ ನೋಡಿ ತೀರ್ಪು ಕೊಡಲು ಆಗುವುದಿಲ್ಲ. ಮೆಗ್ನೀಷಿಯಂ ಸಲ್ಫೇಟ್ ಮತ್ತು ಬೇರಿಯಂ ಸಲ್ಫೇಟ್ ಎರಡರಲ್ಲೂ ಆವೇಶ ಒಂದೇ. ಮೊದಲನೆಯದು ಲೀಟರಿಗೆ ನೂರಾರು ಗ್ರಾಂ ಕರಗುತ್ತದೆ, ಎರಡನೆಯದು ಎರಡು ಮೂರು ಮಿಲಿಗ್ರಾಂ. ಮೆಗ್ನೀಷಿಯಂ ಅಯಾನು ತುಂಬಾ ಚಿಕ್ಕದು. ನೀರನ್ನು ಬಲವಾಗಿ ಹಿಡಿದುಕೊಳ್ಳುತ್ತದೆ. ದೊಡ್ಡ ಸಲ್ಫೇಟ್ ಅಯಾನಿನ ಪಕ್ಕ ಅದಕ್ಕೆ ಹೊಂದಿಕೆಯೂ ಕಡಿಮೆ. ಬೇರಿಯಂ ದೊಡ್ಡದು, ಸಲ್ಫೇಟ್ ದೊಡ್ಡದು. ಎರಡೂ ಘನದಲ್ಲಿ ಚೆನ್ನಾಗಿ ಜೋಡಿಯಾಗುತ್ತವೆ. ಹೈಡ್ರಾಕ್ಸೈಡ್ ಚಿಕ್ಕ ಅಯಾನು, ಹಾಗಾಗಿ ಅಲ್ಲಿ ಸಾಲು ತಿರುಗಿಬಿಡುತ್ತದೆ: ಮೆಗ್ನೀಷಿಯಂ ಹೈಡ್ರಾಕ್ಸೈಡ್ ಕರಗುವುದಿಲ್ಲ, ಬೇರಿಯಂ ಹೈಡ್ರಾಕ್ಸೈಡ್ ಕರಗುತ್ತದೆ. ಆವರ್ತ ಕೋಷ್ಟಕದ ಎರಡನೇ ಗುಂಪಿನಲ್ಲಿ ಕೆಳಗೆ ಇಳಿದ ಹಾಗೆ ಸಲ್ಫೇಟ್ ಕರಗುವುದು ಕಡಿಮೆ, ಹೈಡ್ರಾಕ್ಸೈಡ್ ಕರಗುವುದು ಜಾಸ್ತಿ. ಈ ಒಂದು ಮಾತು ತಿಳಿದರೆ ನಾಲ್ಕೈದು ಅಪವಾದಗಳು ತಾವಾಗಿ ನೆನಪಲ್ಲಿ ನಿಲ್ಲುತ್ತವೆ.

ಫ್ಲೋರೈಡ್ ಬಗ್ಗೆ ಎಚ್ಚರ. ಅದು ಕ್ಲೋರೈಡ್ ಕುಟುಂಬದ್ದೇ ಆದರೂ ಚಿಕ್ಕ ಅಯಾನು, ನಡತೆ ಬೇರೆ. ಸಿಲ್ವರ್ ಕ್ಲೋರೈಡ್ ಕರಗುವುದಿಲ್ಲ, ಸಿಲ್ವರ್ ಫ್ಲೋರೈಡ್ ಧಾರಾಳವಾಗಿ ಕರಗುತ್ತದೆ. ಕ್ಯಾಲ್ಸಿಯಂ ಕ್ಲೋರೈಡ್ ಗಾಳಿಯ ತೇವವನ್ನೇ ಹೀರಿ ನೀರಾಗುತ್ತದೆ, ಕ್ಯಾಲ್ಸಿಯಂ ಫ್ಲೋರೈಡ್ ಕರಗುವುದಿಲ್ಲ.

‘ಕರಗುವುದಿಲ್ಲ’ ಎಂಬ ಮಾತನ್ನು ಸ್ವಲ್ಪ ಬಿಡಿಸಿ ನೋಡಬೇಕು. ಸೊನ್ನೆ ಕರಗುವ ಲವಣ ಇಲ್ಲವೇ ಇಲ್ಲ. ಅಡುಗೆ ಉಪ್ಪು ಲೀಟರಿಗೆ ಸುಮಾರು 360 ಗ್ರಾಂ ಕರಗುತ್ತದೆ. ಜಿಪ್ಸಂ ಎರಡು ಗ್ರಾಂಗಿಂತ ಸ್ವಲ್ಪ ಮೇಲೆ. ಸಿಲ್ವರ್ ಕ್ಲೋರೈಡ್ ಸುಮಾರು ಎರಡು ಮಿಲಿಗ್ರಾಂ. ಕ್ಯಾಲ್ಸಿಯಂ ಫ್ಲೋರೈಡ್ ಸುಮಾರು 16 ಮಿಲಿಗ್ರಾಂ. ಪರೀಕ್ಷೆಯ ಸಮೀಕರಣಕ್ಕೆ 16 ಮಿಲಿಗ್ರಾಂ ಲೆಕ್ಕಕ್ಕಿಲ್ಲ, ಘನ ಅಂತಲೇ ಬರೆಯುತ್ತೇವೆ. ಕುಡಿಯುವ ನೀರಿಗೆ ಅದು ಲೆಕ್ಕಕ್ಕೆ ಇದೆ. ಅಷ್ಟು ಕರಗಿದರೆ ನೀರಿಗೆ ಸೇರುವ ಫ್ಲೋರೈಡ್ ಲೀಟರಿಗೆ ಏಳೆಂಟು ಮಿಲಿಗ್ರಾಂ. ನಮ್ಮ ದೇಶದ ಕುಡಿಯುವ ನೀರಿನ ಮಾನದಂಡದಲ್ಲಿ ಬೇರೆ ದಾರಿಯೇ ಇಲ್ಲದಾಗ ಒಪ್ಪಬಹುದಾದ ಗರಿಷ್ಠ ಮಿತಿ 1.5 ಮಿಲಿಗ್ರಾಂ. ಪಾವಗಡ, ಬಾಗೇಪಲ್ಲಿ ಕಡೆಯ ಎಷ್ಟೋ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಸಮಸ್ಯೆ ಇರುವುದು ನಿಮಗೆ ಗೊತ್ತಿರಬಹುದು. ಬಂಡೆಯಲ್ಲಿರುವ ಫ್ಲೋರೈಡ್ ಖನಿಜಗಳು ನಿಧಾನಕ್ಕೆ ಕರಗಿ ನೀರಿಗೆ ಇಳಿಯುತ್ತವೆ. ನೀರಿನಲ್ಲಿ ಕ್ಯಾಲ್ಸಿಯಂ ಜಾಸ್ತಿ ಇದ್ದರೆ ಅದು ಫ್ಲೋರೈಡ್ ಏರದಂತೆ ತಡೆಯುತ್ತದೆ. ಕ್ಯಾಲ್ಸಿಯಂ ಕಡಿಮೆ ಇದ್ದು ಸೋಡಿಯಂ, ಬೈಕಾರ್ಬೊನೇಟ್ ಜಾಸ್ತಿ ಇದ್ದರೆ ಫ್ಲೋರೈಡ್ ಏರುತ್ತದೆ. ನೀವು ಪ್ರಥಮ ಪಿಯುಸಿಯಲ್ಲಿ ಓದಿದ ಸಮಾನ ಅಯಾನು ಪರಿಣಾಮ ಇದೇ. ಮಾರ್ಕ್ಸಿಗೆ ಮಾತ್ರ ಅಂತ ಓದಿ ಬಿಡುವ ಪಾಠ ಅಲ್ಲ ಅದು.

ಕರಗುವಿಕೆ ಜೀವಕ್ಕೆ ಸಂಬಂಧಿಸಿದ್ದು ಅನ್ನುವುದಕ್ಕೆ ಮತ್ತೆ ಬೇರಿಯಂ ಹತ್ತಿರ ಹೋಗಬೇಕು. ಬೇರಿಯಂ ಅಯಾನು ವಿಷ. ಆದರೂ ಹೊಟ್ಟೆ, ಕರುಳಿನ ಎಕ್ಸ್‌ರೇ ತೆಗೆಯುವಾಗ ರೋಗಿಗೆ ಬೇರಿಯಂ ಸಲ್ಫೇಟ್ ಕಲಸಿದ ನೀರನ್ನು ಲೋಟಗಟ್ಟಲೆ ಕುಡಿಸುತ್ತಾರೆ. ಏನೂ ಆಗುವುದಿಲ್ಲ. ಬೇರಿಯಂ ಕಾರ್ಬೊನೇಟ್ ಅನ್ನೋ ಇನ್ನೊಂದು ಬಿಳಿ ಪುಡಿ ಇದೆ. ಅದೂ ನೀರಿನಲ್ಲಿ ಕರಗುವುದಿಲ್ಲ. ಅದನ್ನು ಇಲಿ ಪಾಷಾಣವಾಗಿ ಬಳಸಿದ್ದಾರೆ. ಎರಡೂ ಕರಗದ ಲವಣಗಳು. ಒಂದು ಔಷಧಾಲಯದಲ್ಲಿ, ಇನ್ನೊಂದು ವಿಷದ ಡಬ್ಬಿಯಲ್ಲಿ. ಯಾಕೆ? ಹೊಟ್ಟೆಯಲ್ಲಿ ಇರುವುದು ಬರೀ ನೀರಲ್ಲ, ಹೈಡ್ರೋಕ್ಲೋರಿಕ್ ಆಮ್ಲ.

ಬೇರಿಯಂ ಕಾರ್ಬೊನೇಟ್ + 2 ಹೈಡ್ರೋಜನ್⁺ → ಬೇರಿಯಂ²⁺ + ಕಾರ್ಬನ್ ಡೈಆಕ್ಸೈಡ್ ↑ + ನೀರು

ಕಾರ್ಬೊನೇಟ್ ದುರ್ಬಲ ಆಮ್ಲದಿಂದ ಬಂದ ಅಯಾನು. ಹೈಡ್ರೋಜನ್ ಅಯಾನು ಸಿಕ್ಕರೆ ಹಿಡಿದುಕೊಂಡು ಅನಿಲವಾಗಿ ಹೋಗಿಬಿಡುತ್ತದೆ, ಬೇರಿಯಂ ಒಂಟಿಯಾಗಿ ನೀರಿಗೆ ಬರುತ್ತದೆ. ಸಲ್ಫೇಟ್ ಪ್ರಬಲ ಆಮ್ಲದಿಂದ ಬಂದದ್ದು. ಅದಕ್ಕೆ ಹೈಡ್ರೋಜನ್ ಅಯಾನಿನ ಮೇಲೆ ಅಂಥ ಸೆಳೆತ ಇಲ್ಲ, ಬೇರಿಯಮನ್ನು ಬಿಟ್ಟುಕೊಡುವುದಿಲ್ಲ. ಬೇರಿಯಂ ಲವಣ ಹೊಟ್ಟೆಗೆ ಸೇರಿದವರಿಗೆ ವೈದ್ಯರು ಸೋಡಿಯಂ ಸಲ್ಫೇಟ್ ಅಥವಾ ಮೆಗ್ನೀಷಿಯಂ ಸಲ್ಫೇಟ್ ಕುಡಿಸುವ ಪದ್ಧತಿ ಇದೆ. ಅಲ್ಲಿ ನಡೆಯುವುದು ನಾವು ಮೊದಲು ಬರೆದ ಆ ಪುಟ್ಟ ಸಮೀಕರಣ. ಸೋಡಿಯಮ್ಮೋ ಮೆಗ್ನೀಷಿಯಮ್ಮೋ ಅನ್ನುವುದು ಅಲ್ಲಿ ಮುಖ್ಯವಲ್ಲ, ಸಲ್ಫೇಟ್ ಮುಖ್ಯ.

ಇದರಿಂದ ಸಮೀಕರಣ ಬರೆಯುವವರಿಗೂ ಒಂದು ಪಾಠ ಇದೆ. ಕರಗದ ಕಾರ್ಬೊನೇಟ್, ಹೈಡ್ರಾಕ್ಸೈಡ್, ಸಲ್ಫೈಟ್ ಕಂಡಾಗ ಪಕ್ಕದಲ್ಲಿ ಆಮ್ಲ ಇದೆಯಾ ನೋಡಿ. ಇದ್ದರೆ ಕ್ರಿಯೆ ನಡೆಯುತ್ತದೆ.

ಉತ್ತರ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಕಾಣುವ ತಪ್ಪುಗಳ ಬಗ್ಗೆ ಬೇಗ ಹೇಳಿ ಮುಂದೆ ಹೋಗುತ್ತೇನೆ. ಸಲ್ಫೇಟನ್ನು ಗಂಧಕ, ಆಮ್ಲಜನಕ ಅಂತ ಚೂರು ಮಾಡಬೇಡಿ. ನೈಟ್ರೇಟ್, ಕಾರ್ಬೊನೇಟ್, ಅಮೋನಿಯಂ ಎಲ್ಲ ಒಂದೊಂದು ಇಡೀ ಅಯಾನು. ಬೇರಿಯಂ ಕ್ಲೋರೈಡಿನಲ್ಲಿ ಎರಡು ಕ್ಲೋರಿನ್ ಇದೆ ಅಂತ ಜೋಡಿ ಕ್ಲೋರಿನ್ ಅಯಾನು ಬರೆಯಬೇಡಿ. ಅವು ಎರಡು ಬಿಡಿ ಕ್ಲೋರೈಡ್‌ಗಳು, ಸಂಖ್ಯೆ ಮುಂದೆ ಬರಬೇಕು. ಸೋಡಿಯಂ ಕ್ಲೋರೈಡ್ ಮತ್ತು ಪೊಟ್ಯಾಸಿಯಂ ನೈಟ್ರೇಟ್ ದ್ರಾವಣ ಬೆರೆಸಿದರೆ ಎಲ್ಲವೂ ಹೊಡೆದು ಹೋಗುತ್ತವೆ. ಆಗ ‘ಕ್ರಿಯೆ ನಡೆಯುವುದಿಲ್ಲ’ ಅಂತ ಧೈರ್ಯವಾಗಿ ಬರೆಯಿರಿ, ಅದೇ ಸರಿ ಉತ್ತರ.

ಆವೇಶದ ಲೆಕ್ಕ ಮಾತ್ರ ಸ್ವಲ್ಪ ನಿಂತು ನೋಡುವಂಥದ್ದು. ಅಲ್ಯೂಮಿನಿಯಂ ತುಂಡನ್ನು ತಾಮ್ರದ ಅಯಾನುಗಳಿರುವ ದ್ರಾವಣಕ್ಕೆ ಹಾಕಿದರೆ ತಾಮ್ರ ಹೊರಗೆ ಬರುತ್ತದೆ. ‘ಅಲ್ಯೂಮಿನಿಯಂ + ತಾಮ್ರ²⁺ → ಅಲ್ಯೂಮಿನಿಯಂ³⁺ + ತಾಮ್ರ’ ಅಂತ ಬರೆದರೆ ಪರಮಾಣುಗಳು ಸರಿ. ಆದರೆ ಎಡಗಡೆ ಆವೇಶ ಎರಡು, ಬಲಗಡೆ ಮೂರು. ಎಲೆಕ್ಟ್ರಾನ್ ಎಲ್ಲಿಗೂ ಕಳೆದುಹೋಗುವುದಿಲ್ಲ, ಆದ್ದರಿಂದ ಇದು ನಡೆಯಲಾರದ ಕ್ರಿಯೆ. ಸರಿಯಾದದ್ದು:

2 ಅಲ್ಯೂಮಿನಿಯಂ + 3 ತಾಮ್ರ²⁺ → 2 ಅಲ್ಯೂಮಿನಿಯಂ³⁺ + 3 ತಾಮ್ರ

ನಿಮ್ಮ ಪ್ರಯೋಗಾಲಯದಲ್ಲಿ ಬ್ಯಾಟರಿ, ಬಲ್ಬ್ ಇದ್ದರೆ ಅಧ್ಯಾಪಕರನ್ನು ಕೇಳಿ ಅವರ ಎದುರಿಗೇ ಒಂದು ಪ್ರಯೋಗ ಮಾಡಿ ನೋಡಿ. ಬೇರಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಎರಡು ತಂತಿ ಮುಳುಗಿಸಿದರೆ ಬಲ್ಬ್ ಚೆನ್ನಾಗಿ ಉರಿಯುತ್ತದೆ. ನೀರು ಬೆರೆಸಿದ ಸಲ್ಫ್ಯೂರಿಕ್ ಆಮ್ಲವನ್ನು ಹನಿ ಹನಿಯಾಗಿ ಬಿಡುತ್ತಾ ಹೋಗಿ. ಬಿಳಿ ಪ್ರಕ್ಷೇಪ ಬರುತ್ತದೆ, ಬಲ್ಬ್ ಮಂಕಾಗುತ್ತದೆ. ಎರಡೂ ಸರಿಸಮ ಆದಾಗ ಹೆಚ್ಚುಕಡಿಮೆ ಆರಿಯೇ ಹೋಗುತ್ತದೆ. ಇನ್ನೂ ಆಮ್ಲ ಹಾಕಿದರೆ ಮತ್ತೆ ಉರಿಯುತ್ತದೆ. ಯಾಕೆಂದರೆ ಇಲ್ಲಿ ಪ್ರೇಕ್ಷಕರೇ ಇಲ್ಲ:

ಬೇರಿಯಂ²⁺ + 2 ಹೈಡ್ರಾಕ್ಸೈಡ್⁻ + 2 ಹೈಡ್ರೋಜನ್⁺ + ಸಲ್ಫೇಟ್²⁻ → ಬೇರಿಯಂ ಸಲ್ಫೇಟ್ ↓ + 2 ನೀರು

ಇದೇ ಪ್ರಯೋಗವನ್ನು ಸೋಡಿಯಂ ಹೈಡ್ರಾಕ್ಸೈಡ್ ಮತ್ತು ಹೈಡ್ರೋಕ್ಲೋರಿಕ್ ಆಮ್ಲದ ಜೊತೆ ಮಾಡಿದರೆ ಬಲ್ಬ್ ಆರುವುದಿಲ್ಲ. ಸೋಡಿಯಂ, ಕ್ಲೋರೈಡ್ ಅಲ್ಲೇ ಇರುತ್ತವೆ, ವಿದ್ಯುತ್ ಒಯ್ಯುತ್ತಲೇ ಇರುತ್ತವೆ. ಪ್ರೇಕ್ಷಕ ಅಯಾನುಗಳನ್ನು ಕಣ್ಣಾರೆ ಕಾಣಲು ಇದಕ್ಕಿಂತ ಒಳ್ಳೆಯ ಪ್ರಯೋಗ ನನಗೆ ಗೊತ್ತಿಲ್ಲ.

ಕೊನೆಗೆ ಸೀಸ. ಲವಣ ವಿಶ್ಲೇಷಣೆಯ ಒಂದನೇ ಗುಂಪಿನಲ್ಲಿ ತಣ್ಣಗಿನ ದ್ರಾವಣಕ್ಕೆ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲ ಹಾಕುತ್ತೀರಿ. ಇಲ್ಲಿ ದುರ್ಬಲ ಅಂದರೆ ನೀರು ಬೆರೆಸಿದ್ದು ಅಂತಷ್ಟೇ ಅರ್ಥ.

ಸೀಸ²⁺ + 2 ಕ್ಲೋರೈಡ್⁻ → ಲೆಡ್ ಕ್ಲೋರೈಡ್ ↓

ಬಿಳಿ ಪ್ರಕ್ಷೇಪ ಬರುತ್ತದೆ. ಆದರೆ ಲೆಡ್ ಕ್ಲೋರೈಡ್ ಪೂರ್ತಿ ಕರಗದ ಲವಣ ಅಲ್ಲ. ಕೋಣೆಯ ಉಷ್ಣತೆಯಲ್ಲಿ ಲೀಟರಿಗೆ ಸುಮಾರು 10 ಗ್ರಾಂ ಕರಗುತ್ತದೆ. ಕುದಿಯುವ ನೀರಿನಲ್ಲಿ 30 ಗ್ರಾಂಗಿಂತ ಜಾಸ್ತಿ. ಸಿಲ್ವರ್ ಕ್ಲೋರೈಡಿನ ಎರಡು ಮಿಲಿಗ್ರಾಂ ಜೊತೆ ಹೋಲಿಸಿ ನೋಡಿ. ಸೀಸ ಖಚಿತ ಮಾಡುವಾಗ ಪ್ರಕ್ಷೇಪವನ್ನು ಬಿಸಿ ನೀರಿನಲ್ಲಿ ಕರಗಿಸುವುದು ಇದೇ ಕಾರಣಕ್ಕೆ. ನಿಮ್ಮ ಲವಣದಲ್ಲಿ ಸೀಸ ಕಡಿಮೆ ಇದ್ದರೆ, ಅಥವಾ ದ್ರಾವಣ ಬಿಸಿ ಇದ್ದರೆ, ಪ್ರಕ್ಷೇಪ ಬರದೇ ಇರಬಹುದು. ಬಂದರೂ ಒಂದಷ್ಟು ಸೀಸ ದ್ರಾವಣದಲ್ಲೇ ಉಳಿಯುತ್ತದೆ. ಕ್ಲೋರೈಡ್ ಸ್ವಲ್ಪ ಹೆಚ್ಚು ಹಾಕಿದರೆ ಉಳಿಯುವುದು ಕಡಿಮೆಯಾಗುತ್ತದೆ. ಹಾಗಂತ ಗಾಢ ಆಮ್ಲ ಸುರಿಯಬೇಡಿ, ಸೀಸ ಕ್ಲೋರೈಡುಗಳ ಜೊತೆ ಸಂಕೀರ್ಣ ಅಯಾನು ಕಟ್ಟಿಕೊಂಡು ಮತ್ತೆ ಕರಗಿಬಿಡುತ್ತದೆ.

ಉಳಿದ ಆ ಸೀಸವೇ ಎರಡನೇ ಗುಂಪಿಗೆ ಹೋಗುತ್ತದೆ. ಅಲ್ಲಿ ಆಮ್ಲ ಇರುವ ದ್ರಾವಣಕ್ಕೆ ಹೈಡ್ರೋಜನ್ ಸಲ್ಫೈಡ್ ಹಾಯಿಸುತ್ತೀರಿ. ಲೆಡ್ ಸಲ್ಫೈಡ್ ಕರಗುವುದು ಎಷ್ಟು ಕಡಿಮೆ ಎಂದರೆ ಸ್ವಲ್ಪ ಸೀಸ ಇದ್ದರೂ ಕಪ್ಪಗೆ ಕೆಳಗೆ ಕೂರುತ್ತದೆ. ಸಮೀಕರಣ ಬರೆಯುವಾಗ ಮೊದಲು ಹೇಳಿದ ಎರಡನೇ ಪ್ರಶ್ನೆಯನ್ನು, ಅಂದರೆ ಅಯಾನು ಆಗುತ್ತದಾ ಎಂಬುದನ್ನು, ಮರೆಯಬೇಡಿ. ಹೈಡ್ರೋಜನ್ ಸಲ್ಫೈಡ್ ದುರ್ಬಲ ಆಮ್ಲ, ಒಡೆಯುವ ಹಾಗಿಲ್ಲ:

ಸೀಸ²⁺ + ಹೈಡ್ರೋಜನ್ ಸಲ್ಫೈಡ್ → ಲೆಡ್ ಸಲ್ಫೈಡ್ ↓ + 2 ಹೈಡ್ರೋಜನ್⁺

ಬಲಗಡೆ ಬಂದ ಹೈಡ್ರೋಜನ್ ಅಯಾನುಗಳನ್ನು ನೋಡಿ. ದ್ರಾವಣದಲ್ಲಿ ಮೊದಲೇ ಆಮ್ಲ ಇದ್ದರೆ ಕ್ರಿಯೆ ಮುಂದೆ ಹೋಗಲು ಕಷ್ಟ. ಸೀಸ, ತಾಮ್ರದ ಸಲ್ಫೈಡುಗಳು ಅಷ್ಟು ಕಷ್ಟದಲ್ಲೂ ಕೆಳಗೆ ಕೂರುತ್ತವೆ. ಸತುವಿನ ಸಲ್ಫೈಡ್ ಕೂರುವುದಿಲ್ಲ. ನಾಲ್ಕನೇ ಗುಂಪಿನಲ್ಲಿ ಅಮೋನಿಯಾ ಹಾಕಿ ಆ ಹೈಡ್ರೋಜನ್ ಅಯಾನುಗಳನ್ನು ತೆಗೆದ ಮೇಲೆ ಅದು ಬರುತ್ತದೆ. ಮುಂದಿನ ಸಲ ಲ್ಯಾಬಿಗೆ ಹೋದಾಗ ಪ್ರತಿ ಗುಂಪಿನ ಕಾರಕದ ಪಕ್ಕದಲ್ಲೂ ಅದರ ನೆಟ್ ಅಯಾನಿಕ್ ಸಮೀಕರಣ ಬರೆದು ನೋಡಿ. ಎಲ್ಲಾದರೂ ಸಿಕ್ಕಿಕೊಂಡರೆ ಆ ಸಮೀಕರಣವನ್ನೇ ಬರೆದು ಕಳಿಸಿ, ಒಟ್ಟಿಗೆ ನೋಡೋಣ.